‘ಗೆಲ್ಲಲೇಬೇಕು’ ಎಂಬ ಹಟವೇ ಸಮಸ್ಯೆ! ಆಲ್ಬರ್ಟ್ ಎಲ್ಲಿಸ್ ಅವರ ಆರ್‌ಇಬಿಟಿ ಎಂದರೇನು? ಥೆರಪಿಗೂ ಕೋಚಿಂಗ್‌ಗೂ ಏನು ವ್ಯತ್ಯಾಸ?

ವರ್ಷವಿಡೀ ಓದಿದ ವಿದ್ಯಾರ್ಥಿಗೆ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ತಲೆ ಖಾಲಿ ಎನಿಸುತ್ತದೆ. ನೆಟ್ಸ್‌ನಲ್ಲಿ ಸಲೀಸಾಗಿ ಆಡುವ ಬ್ಯಾಟರ್ ಆಯ್ಕೆಗಾರರು ಬಂದು ಕೂತ ದಿನವೇ ಮೊದಲ ಓವರ್‌ನಲ್ಲಿ ಔಟಾಗುತ್ತಾನೆ. ಕಚೇರಿಯಲ್ಲಿ ಹತ್ತು ವರ್ಷ ದುಡಿದವರಿಗೂ ಪ್ರೆಸೆಂಟೇಷನ್ ಎಂದರೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಇವರಲ್ಲಿ ಯಾರಿಗೂ ಸಾಮರ್ಥ್ಯದ ಕೊರತೆ ಇಲ್ಲ. ಹಾಗಾದರೆ ಅಡ್ಡ ಬರುತ್ತಿರುವುದೇನು?

ಈ ಪ್ರಶ್ನೆಗೆ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ 1955ರಲ್ಲೇ ಒಂದು ಉತ್ತರ ಕೊಟ್ಟಿದ್ದರು. ಕ್ಲಿನಿಕ್‌ನಲ್ಲಿ ಖಿನ್ನತೆ, ಆತಂಕದಿಂದ ಬಳಲುವವರಿಗಾಗಿ ಅವರು ರೂಪಿಸಿದ ವಿಧಾನ ಮುಂದೆ ಕಂಪನಿಗಳ ಬೋರ್ಡ್ ರೂಮಿಗೂ, ಶಾಲೆಗಳಿಗೂ, ಕ್ರಿಕೆಟ್ ಮೈದಾನಕ್ಕೂ ಬಂತು. ಅದರ ಹೆಸರು ರ್‍ಯಾಷನಲ್ ಎಮೋಟಿವ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಆರ್‌ಇಬಿಟಿ. ಮೈಂಡ್ ಕೋಚ್, ಲೈಫ್ ಕೋಚ್, ಪರ್ಫಾರ್ಮೆನ್ಸ್ ಕೋಚ್ ಎಂಬ ಜಾಹೀರಾತುಗಳು ಮೊಬೈಲ್ ತೆರೆದರೆ ಕಾಣುವ ಈ ಕಾಲದಲ್ಲಿ ಆ ವಿಧಾನ ಏನು ಹೇಳುತ್ತದೆ, ಯಾರಿಗೆ ಉಪಯೋಗ, ಯಾರಿಗೆ ಅದು ಸಾಲದು ಎಂಬುದರ ವಿವರ ಇಲ್ಲಿದೆ.

ಯಾರು ಈ ಆಲ್ಬರ್ಟ್ ಎಲ್ಲಿಸ್?

ಎಲ್ಲಿಸ್ ಹುಟ್ಟಿದ್ದು 1913ರ ಸೆಪ್ಟೆಂಬರ್ 27ರಂದು, ಪಿಟ್ಸ್‌ಬರ್ಗ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಬಾಲ್ಯದಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಹಲವು ಬಾರಿ ಆಸ್ಪತ್ರೆ ಸೇರಬೇಕಾಯಿತು. ತಂದೆ ತಾಯಿ ಬಂದು ನೋಡಿಕೊಂಡದ್ದು ಅಷ್ಟಕ್ಕಷ್ಟೆ. ಹುಡುಗ ವಿಪರೀತ ನಾಚಿಕೆಯವನಾಗಿ ಬೆಳೆದ. ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ಭಯ, ಹುಡುಗಿಯರನ್ನು ಮಾತಾಡಿಸುವುದೆಂದರೆ ಇನ್ನೂ ಭಯ.

19ನೇ ವಯಸ್ಸಿನಲ್ಲಿ ಎಲ್ಲಿಸ್ ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡರು. ಮೊದಲು ಭಾಷಣದ ಭಯ ಹೋಗಲಿ ಎಂದು ಬೇಕೆಂದೇ ಸಾರ್ವಜನಿಕ ಸಭೆಗಳಲ್ಲಿ ಮಾತಾಡತೊಡಗಿದರು. ಅದು ಫಲ ಕೊಟ್ಟಿತು. ನಂತರ ಮನೆ ಹತ್ತಿರದ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ಹೋಗಿ, ಬೆಂಚಿನ ಮೇಲೆ ಒಬ್ಬರೇ ಕೂತಿದ್ದ ಯುವತಿಯರ ಜೊತೆ ಮಾತು ಆರಂಭಿಸುವ ನಿಯಮ ಹಾಕಿಕೊಂಡರು. ಒಂದು ತಿಂಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದರು. ಅವರಲ್ಲಿ ಮತ್ತೆ ಭೇಟಿಯಾಗಲು ಒಪ್ಪಿದ್ದು ಒಬ್ಬರು ಮಾತ್ರ, ಅವರೂ ಬರಲಿಲ್ಲ. ಆದರೆ ಎಲ್ಲಿಸ್‌ಗೆ ಬೇಕಾದದ್ದು ಸಿಕ್ಕಿತ್ತು. ಅಷ್ಟು ಜನ ಬೇಡ ಎಂದರೂ ಆಕಾಶವೇನೂ ಕಳಚಿ ಬೀಳಲಿಲ್ಲ, ನಾಚಿಕೆ ಮಾತ್ರ ಹೋಗಿತ್ತು. ಈ ಘಟನೆಯನ್ನು ಅವರು ಜೀವನಪೂರ್ತಿ ಹೇಳಿಕೊಳ್ಳುತ್ತಿದ್ದರು.

ಮೊದಲು ಓದಿದ್ದು ವಾಣಿಜ್ಯ. ನಂತರ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಿಂದ 1947ರಲ್ಲಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್ ಪಡೆದರು. ಆಗ ಫ್ರಾಯ್ಡ್ ಅವರ ಮನೋವಿಶ್ಲೇಷಣೆಯದೇ ಕಾಲ. ರೋಗಿ ಸೋಫಾ ಮೇಲೆ ಮಲಗಿ ಬಾಲ್ಯದ ನೆನಪುಗಳನ್ನು ವರ್ಷಗಟ್ಟಲೆ ಹೇಳುತ್ತಾ ಹೋಗಬೇಕಿತ್ತು. ಎಲ್ಲಿಸ್ ಕೂಡ ಅದನ್ನೇ ಕಲಿತು, ಅಭ್ಯಾಸ ಮಾಡಿ, ಕೊನೆಗೆ ಬೇಸತ್ತರು. ಕಾರಣ ತಿಳಿದರೂ ಜನ ಬದಲಾಗುತ್ತಿಲ್ಲ ಎಂಬುದು ಅವರ ತಕರಾರು. 1955ರಿಂದ ತಮ್ಮದೇ ವಿಧಾನ ಶುರು ಮಾಡಿದರು. 1959ರಲ್ಲಿ ನ್ಯೂಯಾರ್ಕ್‌ನಲ್ಲಿ ಸಂಸ್ಥೆ ಕಟ್ಟಿದರು. ಅದೇ ಇಂದಿನ ಆಲ್ಬರ್ಟ್ ಎಲ್ಲಿಸ್ ಇನ್‌ಸ್ಟಿಟ್ಯೂಟ್.

1982ರಲ್ಲಿ ಅಮೆರಿಕ ಮತ್ತು ಕೆನಡಾದ ಮನೋವಿಜ್ಞಾನಿಗಳ ನಡುವೆ ನಡೆದ ಸಮೀಕ್ಷೆಯಲ್ಲಿ ಅತ್ಯಂತ ಪ್ರಭಾವಿ ಚಿಕಿತ್ಸಕರ ಪಟ್ಟಿಯಲ್ಲಿ ಕಾರ್ಲ್ ರೋಜರ್ಸ್ ಮೊದಲು, ಎಲ್ಲಿಸ್ ಎರಡನೆಯವರು, ಫ್ರಾಯ್ಡ್ ಮೂರನೆಯವರು. ಎಲ್ಲಿಸ್ 2007ರ ಜುಲೈ 24ರಂದು 93ನೇ ವಯಸ್ಸಿನಲ್ಲಿ ತೀರಿಕೊಂಡರು.

ಎ-ಬಿ-ಸಿ: ಇಡೀ ವಿಧಾನದ ಬೇರು

ಆರ್‌ಇಬಿಟಿಯ ಮೂಲ ಸೂತ್ರ ಮೂರು ಅಕ್ಷರಗಳಲ್ಲಿದೆ. ‘ಎ’ ಎಂದರೆ ನಡೆದ ಘಟನೆ. ‘ಬಿ’ ಎಂದರೆ ಆ ಘಟನೆಯ ಬಗ್ಗೆ ನಮ್ಮ ನಂಬಿಕೆ. ‘ಸಿ’ ಎಂದರೆ ಅದರ ಪರಿಣಾಮ, ಅಂದರೆ ನಮಗಾಗುವ ಭಾವನೆ ಮತ್ತು ನಾವು ನಡೆದುಕೊಳ್ಳುವ ರೀತಿ.

‘ಬಾಸ್ ಬೈದರು, ಅದಕ್ಕೇ ಕುಗ್ಗಿ ಹೋದೆ’ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇಲ್ಲಿ ‘ಎ’ಯಿಂದ ನೇರವಾಗಿ ‘ಸಿ’ಗೆ ಜಿಗಿದಿದ್ದೇವೆ. ಆದರೆ ಅದೇ ಬೈಗುಳ ಕೇಳಿದ ಪಕ್ಕದ ಸೀಟಿನವರು ಬೇಸರಪಟ್ಟುಕೊಂಡು, ಚಹಾ ಕುಡಿದು, ಮತ್ತೆ ಕೆಲಸಕ್ಕೆ ಕೂತಿರುತ್ತಾರೆ. ಘಟನೆ ಒಂದೇ, ಪರಿಣಾಮ ಬೇರೆ. ವ್ಯತ್ಯಾಸ ಇರುವುದು ನಡುವಿನ ‘ಬಿ’ಯಲ್ಲಿ ಎನ್ನುತ್ತಾರೆ ಎಲ್ಲಿಸ್. ಈ ಯೋಚನೆ ತಮ್ಮದೇ ಎಂದು ಅವರು ಹೇಳಿಕೊಳ್ಳಲಿಲ್ಲ. ಸುಮಾರು ಎರಡು ಸಾವಿರ ವರ್ಷ ಹಿಂದಿನ ಎಪಿಕ್ಟೆಟಸ್ ಎಂಬ ಸ್ಟೋಯಿಕ್ ತತ್ವಜ್ಞಾನಿಯಿಂದ ಇದನ್ನು ಪಡೆದದ್ದಾಗಿ ಬರೆದಿದ್ದಾರೆ.

ಈ ಮೂರರ ನಂತರ ಬರುವುದು ‘ಡಿ’ ಮತ್ತು ‘ಇ’. ‘ಡಿ’ ಎಂದರೆ ಆ ನಂಬಿಕೆಯನ್ನು ಪ್ರಶ್ನಿಸಿ ವಾದ ಮಾಡುವುದು. ‘ಇ’ ಎಂದರೆ ಅದರಿಂದ ಮೂಡುವ ಹೊಸ, ಹೆಚ್ಚು ಕೆಲಸಕ್ಕೆ ಬರುವ ದೃಷ್ಟಿ.

ಕನ್ನಡದಲ್ಲಿ ‘ಬೇಕು’ ಮತ್ತು ‘ಲೇಬೇಕು’

ಮನಸ್ಸನ್ನು ಕೆಡಿಸುವ ನಂಬಿಕೆಗಳಲ್ಲಿ ಎಲ್ಲಿಸ್ ನಾಲ್ಕು ಬಗೆಗಳನ್ನು ಗುರುತಿಸುತ್ತಾರೆ. ಮೊದಲನೆಯದು ಮತ್ತು ಉಳಿದವಕ್ಕೆ ಬೇರಾಗಿರುವುದು ಹಟ. ಇದನ್ನು ವಿವರಿಸಲು ಇಂಗ್ಲಿಷಿನಲ್ಲಿ ಅವರು ಬೇರೆ ಬೇರೆ ಪದ ಹುಡುಕಬೇಕಾಯಿತು. ಕನ್ನಡದಲ್ಲಿ ವ್ಯತ್ಯಾಸ ಒಂದು ಪ್ರತ್ಯಯದಲ್ಲೇ ಇದೆ. ‘ಪಾಸಾಗಬೇಕು’ ಎಂಬುದು ಆಸೆ. ‘ಪಾಸಾಗಲೇಬೇಕು’ ಎಂಬುದು ಲೋಕಕ್ಕೆ ಹಾಕಿದ ಆಜ್ಞೆ. ಆಸೆ ಈಡೇರದಿದ್ದರೆ ಬೇಸರವಾಗುತ್ತದೆ. ಆಜ್ಞೆಯನ್ನು ಲೋಕ ಪಾಲಿಸದಿದ್ದರೆ ಕುಸಿತವಾಗುತ್ತದೆ.

ಈ ‘ಲೇಬೇಕು’ಗಳನ್ನು ಎಲ್ಲಿಸ್ ಮೂರು ಗುಂಪು ಮಾಡಿದರು. ನಾನು ಚೆನ್ನಾಗಿ ಮಾಡಲೇಬೇಕು, ಎಲ್ಲರೂ ಮೆಚ್ಚಲೇಬೇಕು ಎಂಬುದು ಒಂದು. ಬೇರೆಯವರು ನನ್ನ ಜೊತೆ ನ್ಯಾಯವಾಗಿ ನಡೆದುಕೊಳ್ಳಲೇಬೇಕು ಎಂಬುದು ಎರಡು. ಬದುಕು ಸಲೀಸಾಗಿ ಇರಲೇಬೇಕು ಎಂಬುದು ಮೂರು. ಮೊದಲನೆಯದರಿಂದ ಆತಂಕ ಮತ್ತು ಖಿನ್ನತೆ, ಎರಡನೆಯದರಿಂದ ಕೋಪ, ಮೂರನೆಯದರಿಂದ ಸೋಮಾರಿತನ ಮತ್ತು ಕೆಲಸ ಮುಂದೂಡುವ ಚಾಳಿ ಹುಟ್ಟುತ್ತದೆ ಎಂಬುದು ಅವರ ವಾದ.

ಹಟದ ಬೆನ್ನಿಗೇ ಉಳಿದ ಮೂರು ಬರುತ್ತವೆ. ‘ಹೀಗಾದರೆ ಎಲ್ಲಾ ಮುಗಿದೇಹೋಯಿತು’ ಎಂದು ಕಷ್ಟವನ್ನು ಸರ್ವನಾಶ ಮಾಡಿ ನೋಡುವುದು. ‘ನನ್ನ ಕೈಲಿ ಇದನ್ನು ತಡೆದುಕೊಳ್ಳಲು ಆಗುವುದೇ ಇಲ್ಲ’ ಎನ್ನುವುದು. ಕೊನೆಯದು, ಒಂದು ಸೋಲನ್ನು ಹಿಡಿದು ಇಡೀ ವ್ಯಕ್ತಿಗೆ ಮಾರ್ಕ್ಸ್ ಹಾಕುವುದು. ‘ಪರೀಕ್ಷೆಯಲ್ಲಿ ಫೇಲಾದೆ’ ಎಂಬುದು ಸತ್ಯಸಂಗತಿ. ‘ನಾನೇ ಫೇಲ್’ ಎಂಬುದು ತೀರ್ಪು.

ಸೆಷನ್‌ನಲ್ಲಿ ಏನು ನಡೆಯುತ್ತದೆ?

ಎಲ್ಲಿಸ್ ಅವರ ಥೆರಪಿಯಲ್ಲಿ ಬಾಲ್ಯದ ಕಥೆಗೆ ಹೆಚ್ಚು ಸಮಯ ಇಲ್ಲ. ಸದ್ಯದ ಒಂದು ನಿರ್ದಿಷ್ಟ ಸಮಸ್ಯೆ ಹೇಳಿಸಿ, ಅದರಲ್ಲಿನ ‘ಲೇಬೇಕು’ವನ್ನು ಹುಡುಕಿ, ಮೂರು ಕಡೆಯಿಂದ ಪ್ರಶ್ನೆ ಹಾಕುತ್ತಾರೆ. ಉದಾಹರಣೆಗೆ, ಇಂಟರ್‌ವ್ಯೂ ಎಂದರೆ ಹೆದರುವ ಯುವಕನ ಜೊತೆ ಮಾತು ಹೀಗೆ ಸಾಗಬಹುದು.

‘ಈ ಕೆಲಸ ನನಗೆ ಸಿಗಲೇಬೇಕು ಸರ್.’

‘ಸಿಗಲೇಬೇಕು ಎಂದು ಎಲ್ಲಿ ಬರೆದಿದೆ? ಪುರಾವೆ ಏನು?’ ಇದು ವಾಸ್ತವದ ಪ್ರಶ್ನೆ.

‘ಕೆಲಸ ತುಂಬಾ ಅಗತ್ಯ ಇದೆ ಸರ್.’

‘ಅಗತ್ಯ ಇದೆ, ನಿಜ. ಅಗತ್ಯ ಇರುವುದರಿಂದ ಸಿಗಲೇಬೇಕು ಎಂದು ಹೇಗಾಗುತ್ತದೆ?’ ಇದು ತರ್ಕದ ಪ್ರಶ್ನೆ.

‘ಆಗುವುದಿಲ್ಲ, ಆದರೂ...’

‘ಹಾಗೆ ಅಂದುಕೊಂಡು ಹೋದಾಗ ಇಂಟರ್‌ವ್ಯೂನಲ್ಲಿ ಚೆನ್ನಾಗಿ ಮಾತಾಡುತ್ತೀರೋ, ತೊದಲುತ್ತೀರೋ?’ ಇದು ಪ್ರಯೋಜನದ ಪ್ರಶ್ನೆ.

ಗುರಿ ಆ ಯುವಕನಿಗೆ ಚಿಂತೆಯೇ ಆಗದಂತೆ ಮಾಡುವುದಲ್ಲ. ಕೆಲಸ ಸಿಗದಿದ್ದರೆ ಬೇಸರ ಸಹಜ, ಅದು ಇರಬೇಕಾದದ್ದೇ. ಎಲ್ಲಿಸ್ ನಕಾರಾತ್ಮಕ ಭಾವನೆಗಳಲ್ಲೇ ಎರಡು ಬಗೆ ಮಾಡುತ್ತಾರೆ. ಕಾಳಜಿ ಆರೋಗ್ಯಕರ, ಆತಂಕ ಅಲ್ಲ. ದುಃಖ ಆರೋಗ್ಯಕರ, ಖಿನ್ನತೆ ಅಲ್ಲ. ಪಶ್ಚಾತ್ತಾಪ ಆರೋಗ್ಯಕರ, ತನ್ನನ್ನೇ ಹಳಿದುಕೊಳ್ಳುವುದು ಅಲ್ಲ. ‘ಪಾಸಿಟಿವ್ ಆಗಿ ಯೋಚಿಸಿ’ ಎಂಬ ಜನಪ್ರಿಯ ಉಪದೇಶಕ್ಕೂ ಆರ್‌ಇಬಿಟಿಗೂ ಇರುವ ಮುಖ್ಯ ವ್ಯತ್ಯಾಸ ಇದು.

ಮಾತಷ್ಟೇ ಅಲ್ಲ, ಹೋಮ್‌ವರ್ಕ್ ಕೂಡ ಕಡ್ಡಾಯ. ಅದರಲ್ಲಿ ಪ್ರಸಿದ್ಧವಾದದ್ದು ನಾಚಿಕೆ ಬಿಡಿಸುವ ಅಭ್ಯಾಸ. ಬಾಳೆಹಣ್ಣಿಗೆ ದಾರ ಕಟ್ಟಿ ನಾಯಿಮರಿಯಂತೆ ಬೀದಿಯಲ್ಲಿ ಎಳೆದುಕೊಂಡು ಹೋಗುವುದು, ರೈಲಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಜೋರಾಗಿ ಕೂಗುವುದು ಇಂಥವು. ಮುಂಬೈ ಲೋಕಲ್‌ನಲ್ಲಿ ನಿಂತು ‘ಮುಂದಿನ ಸ್ಟೇಷನ್ ದಾದರ್’ ಎಂದು ಕೂಗಿದರೆ ಜನ ತಿರುಗಿ ನೋಡಿಯಾರು, ನಕ್ಕಾರು, ಮತ್ತೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ‘ನಾಲ್ಕು ಜನ ಏನಂದಾರು’ ಎಂಬ ಭಯಕ್ಕೆ ಅಷ್ಟೇ ಬೆಲೆ ಎಂಬುದನ್ನು ಬುದ್ಧಿಗಲ್ಲ, ಮೈಗೇ ಕಲಿಸುವ ಉಪಾಯ ಇದು. ಯಾರಿಗೂ ತೊಂದರೆ ಆಗಬಾರದು, ಕಾನೂನು ಮೀರಬಾರದು, ಕೆಲಸ ಹೋಗುವಂಥದ್ದು ಮಾಡಬಾರದು ಎಂಬ ಷರತ್ತು ಇದ್ದೇ ಇರುತ್ತದೆ.

ಎಲ್ಲಿಸ್ ಇದನ್ನೆಲ್ಲ ಮುಚ್ಚಿದ ಕೋಣೆಯಲ್ಲಷ್ಟೇ ಮಾಡಲಿಲ್ಲ. 1965ರಿಂದ ಶುಕ್ರವಾರ ರಾತ್ರಿ ನ್ಯೂಯಾರ್ಕ್‌ನ ತಮ್ಮ ಸಂಸ್ಥೆಯಲ್ಲಿ ಸಾರ್ವಜನಿಕ ಕಾರ್ಯಕ್ರಮ ನಡೆಸತೊಡಗಿದರು. ಸಭಿಕರಲ್ಲಿ ಯಾರಾದರೂ ವೇದಿಕೆಗೆ ಬಂದು ತಮ್ಮ ಸಮಸ್ಯೆ ಹೇಳಿಕೊಳ್ಳಬಹುದಿತ್ತು. ಎಲ್ಲರೆದುರೇ ಎಲ್ಲಿಸ್ ಪ್ರಶ್ನೆ ಹಾಕುತ್ತಿದ್ದರು. ವೃದ್ಧಾಪ್ಯದವರೆಗೂ ಇದು ನಡೆಯಿತು.

ಕ್ಲಿನಿಕ್‌ನಿಂದ ಕಚೇರಿಗೆ, ಮೈದಾನಕ್ಕೆ

ಕಾಯಿಲೆ ಇಲ್ಲದವರಿಗೂ ಇದು ಬೇಕು ಎಂಬ ಯೋಚನೆ ಎಲ್ಲಿಸ್‌ಗೆ ಮೊದಲೇ ಇತ್ತು. 1961ರಲ್ಲಿ ರಾಬರ್ಟ್ ಹಾರ್ಪರ್ ಜೊತೆ ಸಾಮಾನ್ಯ ಓದುಗರಿಗಾಗಿ ‘ಎ ಗೈಡ್ ಟು ರ್‍ಯಾಷನಲ್ ಲಿವಿಂಗ್’ ಬರೆದರು. 1972ರಲ್ಲಿ ಕಂಪನಿಗಳನ್ನು ನಡೆಸುವವರಿಗಾಗಿ ‘ಎಕ್ಸಿಕ್ಯೂಟಿವ್ ಲೀಡರ್‌ಶಿಪ್’ ಎಂಬ ಪುಸ್ತಕ ತಂದರು. ನಿರ್ಧಾರ ತೆಗೆದುಕೊಳ್ಳಲು ಹೆದರುವ, ಟೀಕೆ ಕೇಳಿದರೆ ಸಿಡಿಯುವ ಮೇಲಧಿಕಾರಿಯ ತಲೆಯಲ್ಲೂ ಇದೇ ‘ಲೇಬೇಕು’ಗಳು ಕೂತಿರುತ್ತವೆ ಎಂಬುದು ಅದರ ತಿರುಳು.

ಕ್ರೀಡೆಯಲ್ಲಿ ಈ ವಿಧಾನವನ್ನು ಗಂಭೀರವಾಗಿ ಪರೀಕ್ಷಿಸಿದವರಲ್ಲಿ ಬ್ರಿಟನ್ನಿನ ಕ್ರೀಡಾ ಮನೋವಿಜ್ಞಾನಿ ಮಾರ್ಟಿನ್ ಟರ್ನರ್ ಪ್ರಮುಖರು. 2013ರಲ್ಲಿ ಅವರು ಮತ್ತು ಜೇಮಿ ಬಾರ್ಕರ್ ಯುವ ಕ್ರಿಕೆಟಿಗರ ಜೊತೆ ಆರ್‌ಇಬಿಟಿ ಬಳಸಿದ ಅಧ್ಯಯನ ಪ್ರಕಟಿಸಿದರು. ಆಟಗಾರರ ಹಟದ ನಂಬಿಕೆಗಳೂ, ಆಟದ ಮುಂಚಿನ ಆತಂಕವೂ ಕಡಿಮೆಯಾದವು. ಆದರೆ ಅಧ್ಯಯನದಲ್ಲಿ ಇದ್ದದ್ದು ಬೆರಳೆಣಿಕೆಯ ಆಟಗಾರರು ಎಂಬುದನ್ನೂ ನೆನಪಿಡಬೇಕು. ಆತಂಕ ಇಳಿದದ್ದಕ್ಕೆ ಸಿಗುವ ಪುರಾವೆಯಷ್ಟು ಬಲವಾದ ಪುರಾವೆ ರನ್ ಅಥವಾ ಪದಕ ಹೆಚ್ಚಿದ್ದಕ್ಕೆ ಸಿಗುವುದು ಕಷ್ಟ. ಏಕೆಂದರೆ ಫಲಿತಾಂಶದಲ್ಲಿ ಎದುರಾಳಿ, ಪಿಚ್, ಫಿಟ್‌ನೆಸ್, ಅದೃಷ್ಟ ಎಲ್ಲದರ ಪಾಲೂ ಇರುತ್ತದೆ.

‘ಹಟ ಬಿಟ್ಟರೆ ಗೆಲ್ಲುವುದು ಹೇಗೆ?’

ಆಟಗಾರರು, ತರಬೇತುದಾರರು, ಮಕ್ಕಳ ಅಪ್ಪ ಅಮ್ಮ ಎಲ್ಲರೂ ಕೇಳುವ ಮೊದಲ ಪ್ರಶ್ನೆಯೇ ಇದು. ಹಟ ಹಿಡಿದು ಸಾಧಿಸಿದವರ ಕಥೆಗಳನ್ನು ಕೇಳಿಯೇ ನಾವು ಬೆಳೆದಿದ್ದೇವೆ. ಹಟವೇ ಬೇಡ ಎಂದರೆ ಛಲವೂ ಹೋಗುವುದಿಲ್ಲವೇ?

ಎಲ್ಲಿಸ್ ಅವರ ಉತ್ತರ ಹೀಗಿದೆ. ಆಸೆ ಎಷ್ಟು ಬೇಕಾದರೂ ದೊಡ್ಡದಿರಲಿ. ‘ಈ ಪಂದ್ಯ ಗೆಲ್ಲಬೇಕು ಎಂದು ತುಂಬಾ ಆಸೆ ಇದೆ, ಅದಕ್ಕಾಗಿ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತೇನೆ. ಗೆಲ್ಲದಿದ್ದರೆ ನೋವಾಗುತ್ತದೆ. ಆದರೆ ಗೆಲ್ಲಲೇಬೇಕು ಎಂದೇನೂ ಇಲ್ಲ, ಸೋತರೆ ನಾನು ಕೆಲಸಕ್ಕೆ ಬಾರದವನೂ ಆಗುವುದಿಲ್ಲ.’ ಇಲ್ಲಿ ಶ್ರಮ ಕಡಿಮೆಯಾಗಿಲ್ಲ. ತೆಗೆದುಹಾಕಿದ್ದು ಭಯವನ್ನು ಮಾತ್ರ. ‘ಲೇಬೇಕು’ ಎಂಬುದು ಕೆಲವು ದಿನ ಓಡಿಸುತ್ತದೆ. ಆದರೆ ಅದು ಓಡಿಸುವುದು ಸೋಲಿನ ಭಯದಿಂದ. ಆ ಭಯ ಹೆಚ್ಚಾದಾಗ ಗಮನ ಚೆಂಡಿನ ಮೇಲೆ ಇರುವುದಿಲ್ಲ, ಔಟಾದರೆ ಏನಾಗುತ್ತದೆ ಎಂಬುದರ ಮೇಲೆ ಇರುತ್ತದೆ.

ಇದರ ಜೊತೆಗೇ ಬರುವುದು ಷರತ್ತಿಲ್ಲದೆ ತನ್ನನ್ನು ಒಪ್ಪಿಕೊಳ್ಳುವ ಗುಣ. ಆತ್ಮವಿಶ್ವಾಸ ಹೆಚ್ಚಿಸಿ ಎಂದು ಹೇಳುವ ಕೋಚ್‌ಗಳೇ ಹೆಚ್ಚಿರುವಾಗ ಎಲ್ಲಿಸ್ ಹೇಳಿದ್ದು ಬೇರೆ. ಗೆದ್ದಾಗ ‘ನಾನು ದೊಡ್ಡವನು’ ಎಂದುಕೊಳ್ಳುವ ಮನಸ್ಸೇ ಸೋತಾಗ ‘ನಾನು ಕಸ’ ಎಂದುಕೊಳ್ಳುತ್ತದೆ. ಆದ್ದರಿಂದ ಕೆಲಸಕ್ಕೆ ಮಾರ್ಕ್ಸ್ ಹಾಕಿ, ಮನುಷ್ಯನಿಗೆ ಹಾಕಬೇಡಿ. ಬ್ಯಾಟಿಂಗ್ ಕೆಟ್ಟದಿತ್ತು ಎನ್ನಿ, ಸರಿಪಡಿಸಿ. ಬ್ಯಾಟರೇ ಕೆಟ್ಟವನು ಎಂದರೆ ಸರಿಪಡಿಸುವುದಕ್ಕೆ ಏನೂ ಉಳಿಯುವುದಿಲ್ಲ. ಪಿಯುಸಿ ಫಲಿತಾಂಶದ ದಿನ, ನೀಟ್ ಫಲಿತಾಂಶದ ದಿನ ಮನೆಗಳಲ್ಲಿ ಈ ಒಂದು ವ್ಯತ್ಯಾಸ ನೆನಪಾದರೆ ಎಷ್ಟೋ ಮಕ್ಕಳ ಪಾಲಿಗೆ ಅದು ದೊಡ್ಡ ಆಸರೆ.

ಥೆರಪಿ ಮತ್ತು ಕೋಚಿಂಗ್: ಗೆರೆ ಎಲ್ಲಿದೆ?

ಬಳಸುವ ಸಾಧನ ಒಂದೇ ಇದ್ದರೂ ಎರಡೂ ಒಂದೇ ಅಲ್ಲ. ದಿನನಿತ್ಯದ ಬದುಕೇ ನಡೆಯದಂತೆ ತಡೆಯುತ್ತಿರುವ ತೊಂದರೆಗೆ ಕೊಡುವುದು ಥೆರಪಿ. ಬದುಕು ನಡೆಯುತ್ತಿದೆ, ಒಂದು ನಿರ್ದಿಷ್ಟ ಕಡೆ ಇನ್ನೂ ಚೆನ್ನಾಗಿ ಮಾಡಬೇಕು ಎನ್ನುವವರಿಗೆ ಕೋಚಿಂಗ್. ಥೆರಪಿಯಲ್ಲಿ ಮೊದಲು ಸಮಸ್ಯೆ ಏನೆಂದು ತಪಾಸಣೆಯಾಗುತ್ತದೆ, ಅಗತ್ಯ ಬಿದ್ದರೆ ಔಷಧಕ್ಕಾಗಿ ಮನೋವೈದ್ಯರ ಬಳಿ ಕಳುಹಿಸಲಾಗುತ್ತದೆ. ಕೋಚಿಂಗ್‌ನಲ್ಲಿ ಮೊದಲು ಗುರಿ ನಿಗದಿಯಾಗುತ್ತದೆ.

ಕಷ್ಟ ಇರುವುದು ಗಡಿಯಲ್ಲಿ. ‘ಫೋಕಸ್ ಬರುತ್ತಿಲ್ಲ, ಕೋಚಿಂಗ್ ಬೇಕು’ ಎಂದು ಬಂದವರಿಗೆ ನಿಜವಾಗಿ ಇರುವುದು ಖಿನ್ನತೆ ಆಗಿರಬಹುದು. ತರಬೇತಿ ಪಡೆದ ಮನೋವಿಜ್ಞಾನಿ ಅದನ್ನು ಗುರುತಿಸುತ್ತಾರೆ. ವಾರಾಂತ್ಯದ ಕೋರ್ಸ್ ಮಾಡಿ ಸರ್ಟಿಫಿಕೇಟ್ ಪಡೆದವರು ಗುರುತಿಸದೇ ಹೋಗಬಹುದು. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಬೇಕು. ಮನೋವೈದ್ಯರು ವೈದ್ಯಕೀಯ ಪದವಿ ಪಡೆದವರು, ಔಷಧ ಬರೆಯುವ ಅಧಿಕಾರ ಅವರದು. ‘ಕೋಚ್’ ಎಂಬ ಬೋರ್ಡ್ ಹಾಕಿಕೊಳ್ಳಲು ಇಂಥ ಯಾವ ನೋಂದಣಿಯೂ ಬೇಕಿಲ್ಲ. ಹಾಗಾಗಿ ದುಡ್ಡು ಕೊಡುವ ಮುಂಚೆ ಏನು ಓದಿದ್ದಾರೆ, ಎಲ್ಲಿ ನೋಂದಣಿ ಆಗಿದ್ದಾರೆ, ತಮ್ಮ ಕೈ ಮೀರಿದರೆ ಯಾರ ಬಳಿ ಕಳುಹಿಸುತ್ತಾರೆ ಎಂಬ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಈ ಪ್ರಶ್ನೆಗಳಿಗೆ ಸಿಟ್ಟಾಗುವ ಕೋಚ್‌ನಿಂದ ದೂರ ಇರುವುದು ಇನ್ನೂ ಒಳ್ಳೆಯದು.

ಟೀಕೆಗಳೂ ಇವೆ

ಎಲ್ಲಿಸ್ ಅವರ ವಿಧಾನದಷ್ಟೇ ಅವರ ವರ್ತನೆಯೂ ಚರ್ಚೆಗೆ ಗುರಿಯಾಗಿದೆ. ಅವರದು ಒರಟು ಮಾತು. ಸೆಷನ್‌ನಲ್ಲೇ ಬೈಗುಳ ಪದಗಳನ್ನು ಬಳಸುತ್ತಿದ್ದರು. ಒಬ್ಬರೇ ಮಹಿಳೆಯ ಜೊತೆ ಮೂವರು ಚಿಕಿತ್ಸಕರು ಮಾತಾಡುವುದನ್ನು ತೋರಿಸುವ 1965ರ ತರಬೇತಿ ಚಿತ್ರದಲ್ಲಿ ಶಾಂತವಾಗಿ ಕೇಳಿಸಿಕೊಳ್ಳುವ ಕಾರ್ಲ್ ರೋಜರ್ಸ್ ಮತ್ತು ಬಿಡುವಿಲ್ಲದೆ ಮಾತಾಡುವ ಎಲ್ಲಿಸ್ ನಡುವಿನ ಅಂತರ ಎದ್ದು ಕಾಣುತ್ತದೆ. ಚಿಕಿತ್ಸಕ ಒರಟಾಗಿರುವುದು ಈ ವಿಧಾನದ ಭಾಗವಲ್ಲ, ಅದು ಎಲ್ಲಿಸ್ ಅವರ ಸ್ವಭಾವ ಎಂದು ನಂತರದ ಆರ್‌ಇಬಿಟಿ ತಜ್ಞರು ಸ್ಪಷ್ಟಪಡಿಸಿದ್ದಾರೆ.

ಎರಡನೆಯದು ಪುರಾವೆಯ ವಿಷಯ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಸ್ವತಂತ್ರವಾಗಿ ಇದೇ ದಾರಿಯಲ್ಲಿ ಕಾಗ್ನಿಟಿವ್ ಥೆರಪಿ ರೂಪಿಸಿದರು. ಇಬ್ಬರ ಕೆಲಸವೂ ಸೇರಿ ಇಂದು ಸಿಬಿಟಿ ಎಂದು ಕರೆಯುವ ಚಿಕಿತ್ಸೆಗೆ ಅಡಿಪಾಯವಾಯಿತು. ಆದರೆ ವೈಜ್ಞಾನಿಕ ಪ್ರಯೋಗಗಳು ಹೆಚ್ಚು ನಡೆದಿರುವುದು ಬೆಕ್ ಅವರ ಮಾದರಿಯ ಮೇಲೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಪ್ಪೆಲ್ಲ ನಿಮ್ಮ ಯೋಚನೆಯಲ್ಲೇ ಇದೆ ಎಂದು ಹೇಳಲು ಈ ವಿಧಾನ ಸುಲಭವಾಗಿ ದುರ್ಬಳಕೆಯಾಗಬಹುದು. ದಿನಕ್ಕೆ 14 ಗಂಟೆ ದುಡಿಸುವ ಕಂಪನಿ ನೌಕರರಿಗೆ ಮೈಂಡ್ ಕೋಚ್ ಕರೆಸಿದರೆ ಸಮಸ್ಯೆ ಬಗೆಹರಿಯುವುದಿಲ್ಲ. ಮನೆಯಲ್ಲಿ ಹೊಡೆತ ತಿನ್ನುವವರಿಗೆ ‘ನಂಬಿಕೆ ಬದಲಿಸಿಕೊಳ್ಳಿ’ ಎಂದು ಹೇಳುವುದು ಕ್ರೌರ್ಯ. ಎಲ್ಲಿಸ್ ಕೂಡ ಹೇಳಿದ್ದು ಅದನ್ನಲ್ಲ. ಬದಲಾಯಿಸಬಹುದಾದ ‘ಎ’ಯನ್ನು ಬದಲಾಯಿಸಿ, ಅದಕ್ಕೆ ಬೇಕಾದ ಸ್ಥಿಮಿತ ಬರಲಿ ಎಂದೇ ‘ಬಿ’ಯನ್ನು ಸರಿಪಡಿಸಿಕೊಳ್ಳಿ ಎಂಬುದು ಅವರ ನಿಲುವು.

ಭಾರತದ ನಂಟು

ಆರ್‌ಇಬಿಟಿಯನ್ನು ಭಾರತಕ್ಕೆ ಪರಿಚಯಿಸಿದವರಲ್ಲಿ ಮಹಾರಾಷ್ಟ್ರದ ಮನೋವಿಜ್ಞಾನಿ ಕಿಶೋರ್ ಫಡ್ಕೆ ಅವರ ಹೆಸರು ಮೊದಲು ಬರುತ್ತದೆ. ದಶಕಗಳ ಕಾಲ ಎಲ್ಲಿಸ್ ಜೊತೆ ಪತ್ರ ವ್ಯವಹಾರ ನಡೆಸಿ, ವಿಧಾನವನ್ನು ಕಲಿತು, ಮುಂಬೈ ಭಾಗದಲ್ಲಿ ಅನೇಕರಿಗೆ ತರಬೇತಿ ಕೊಟ್ಟವರು ಅವರು. ಇಂದು ದೊಡ್ಡ ನಗರಗಳಲ್ಲಿ ಆರ್‌ಇಬಿಟಿ ಅಥವಾ ಸಿಬಿಟಿ ಬಲ್ಲ ಮನೋವಿಜ್ಞಾನಿಗಳು ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಕ್ಲಿನಿಕಲ್ ಸೈಕಾಲಜಿ ತರಬೇತಿಗೆ ದೇಶದಲ್ಲೇ ಹೆಸರಾದ ಸಂಸ್ಥೆ.

ಊರು ಬಿಟ್ಟು ಬಂದ ಕನ್ನಡಿಗರಿಗೆ ಮನಸ್ಸಿನ ಮಾತನ್ನು ಹಿಂದಿ, ಮರಾಠಿ, ತಮಿಳಿನಲ್ಲಿ ಹೇಳಿಕೊಳ್ಳುವುದೇ ಒಂದು ತೊಡಕು. ಅಂಥವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ದಿನದ 24 ಗಂಟೆ ಉಚಿತ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಲಭ್ಯ.

ಯಾವಾಗ ಕೋಚ್ ಸಾಲದು?

ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಮತ್ತು ಹಸಿವು ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡ ಎನಿಸುತ್ತಿದ್ದರೆ, ಪದೇ ಪದೇ ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾಗುತ್ತಿದ್ದರೆ, ಕುಡಿತ ಹೆಚ್ಚಿದ್ದರೆ ಕೋಚ್ ಅಲ್ಲ, ಮನೋವಿಜ್ಞಾನಿ ಅಥವಾ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ತಡ ಮಾಡದೆ ಮನೆಯವರಿಗೋ ಸ್ನೇಹಿತರಿಗೋ ಹೇಳಬೇಕು, ಮೇಲಿನ ಸಹಾಯವಾಣಿಗೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಅಷ್ಟು ತೀವ್ರವಲ್ಲದ ದಿನಗಳಿಗೆ ಎಲ್ಲಿಸ್ ಅವರ ವಿಧಾನದಿಂದ ಯಾರು ಬೇಕಾದರೂ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಮನಸ್ಸು ಕೆಟ್ಟಾಗ ಒಂದು ಹಾಳೆಯಲ್ಲಿ ಏನು ನಡೆಯಿತು, ಆಗ ತಲೆಯಲ್ಲಿ ಓಡಿದ ಮಾತೇನು, ಏನನಿಸಿತು ಎಂದು ಮೂರು ಸಾಲು ಬರೆಯಿರಿ. ಎರಡನೇ ಸಾಲಿನಲ್ಲಿ ‘ಲೇಬೇಕು’ ಅಥವಾ ‘ಕೂಡಲೇಕೂಡದು’ ಎಂಬ ಪದ ಅಡಗಿದೆಯೇ ನೋಡಿ. ಇದ್ದರೆ ಅದನ್ನು ‘ಆದರೆ ಒಳ್ಳೆಯದು, ಆಗದಿದ್ದರೂ ತಡೆದುಕೊಳ್ಳಬಲ್ಲೆ’ ಎಂದು ತಿದ್ದಿ ಬರೆಯಿರಿ. ಒಂದೇ ದಿನದಲ್ಲಿ ಇದು ಮೈಗೂಡುವುದಿಲ್ಲ. ಭಯ ಹೋಗಲಾಡಿಸಿಕೊಳ್ಳಲು ಎಲ್ಲಿಸ್‌ಗೂ ಒಂದು ತಿಂಗಳು, ನೂರಕ್ಕೂ ಹೆಚ್ಚು ಪ್ರಯತ್ನಗಳು ಬೇಕಾದವು.